ಮಳವಳ್ಳಿಯ ಲೂಪು

ಮಳವಳ್ಳಿಗೆ ರೈಲಿಲ್ಲ. ಬೆಂಗಳೂರು–ಮೈಸೂರು ಗಾಡಿಗಳು ಮದ್ದೂರು, ಮಂಡ್ಯದ ಮೇಲೆ ಹೋಗುತ್ತವೆ. ಮಳವಳ್ಳಿಯವರು ರೈಲು ಹತ್ತಬೇಕಾದರೆ ಬಸ್ಸು ಹಿಡಿದು ಮದ್ದೂರಿಗೆ ಬರಬೇಕು. ಸರ್ವೆ ಆಗಿದೆ, ಇನ್ನೇನು ಬಂತು ಅನ್ನುವ ಮಾತನ್ನು ನಾನು ಲಂಗ ಹಾಕುತ್ತಿದ್ದ ಕಾಲದಿಂದ ಕೇಳುತ್ತಿದ್ದೇನೆ. ಕೊನೆಗೆ ನಾನೇ ಒಂದು ರೈಲನ್ನು ಮಳವಳ್ಳಿಗೆ ಮುಟ್ಟಿಸಿದೆ, ಎರಡು ಪ್ಲೈವುಡ್ ಹಲಗೆ ಜೋಡಿಸಿ, ಅದರ ಮೇಲೆ. ಅದು ಹೋಗಿ ಬಂದದ್ದನ್ನು ಕಣ್ಣಾರೆ ಕಂಡವರು ಇಬ್ಬರು. ಕಾಣಬೇಕಾಗಿದ್ದವರು ಕಾಣಲಿಲ್ಲ.

ಆಗ ನಾನು ಮದ್ದೂರು–ಮಳವಳ್ಳಿ ರಸ್ತೆಯ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಉಪನ್ಯಾಸಕಿ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲ ವ್ಯಕ್ತಿ ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಅಪ್ಪ ಎತ್ತಿನ ಗಾಡಿಯಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಿದ್ದವನು, ನಾನು ಪಿಯುಸಿಯಲ್ಲಿದ್ದಾಗ ಹೋದ. ಆಮೇಲೆ ಅವ್ವ ಕಬ್ಬು ಕಡಿದು, ನಾಟಿ ಹಾಕಿ, ಮಂಡ್ಯದಲ್ಲಿ ನನ್ನನ್ನು ಬಿ.ಇ. ಓದಿಸಿದಳು. ಹಾಸ್ಟೆಲಿನಲ್ಲಿ ಇಂಗ್ಲಿಷ್ ಅರ್ಥವಾಗದೆ ಅತ್ತಿದ್ದೇನೆ, ಫೇಲಾಗಿದ್ದೇನೆ, ಮತ್ತೆ ಬರೆದು ಪಾಸಾಗಿದ್ದೇನೆ. ಯಾರೂ ಕೊಟ್ಟದ್ದಲ್ಲ ಅದು. ಅವ್ವನಿಗೆ ಎಲೆಕ್ಟ್ರಿಕಲ್ ಎಂದರೆ ಏನೆಂದು ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಹೇಳುವಾಗ ಮಾತ್ರ ಎದೆಯುಬ್ಬಿಸಿ ಹೇಳುತ್ತಿದ್ದಳು: "ಕರೆಂಟು ನಮ್ ಮಗಳ ಮಾತ್ ಕೇಳ್ತದೆ ಕಣಮ್ಮಾ."

ಕಾಲೇಜಿನಲ್ಲಿ ನಮ್ಮ ವಿಭಾಗಕ್ಕೆ ಮಕ್ಕಳು ಬರುವುದು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಾ ಬಂದಿತ್ತು. ಬಂದವರೆಲ್ಲ ಕಂಪ್ಯೂಟರ್ ಕೇಳುತ್ತಿದ್ದರು. ಸಂಸ್ಥೆಯ ಕಾರ್ಯದರ್ಶಿ ಮಳವಳ್ಳಿ ಕಡೆಯ ಜಮೀನುದಾರರು, ಒರಟು ಮಾತು, ಕೆಟ್ಟವರೇನಲ್ಲ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ಕರೆಸಿ ನೇರವಾಗಿ ಹೇಳಿದರು. ಈ ಸಲ ಹತ್ತು ಮಕ್ಕಳಾದರೂ ಸೇರದಿದ್ದರೆ ಎಲೆಕ್ಟ್ರಿಕಲ್ ಮುಚ್ಚುವುದು. ಮುಚ್ಚಿದರೆ ಆ ವಿಭಾಗದಲ್ಲಿ ಉಳಿದಿದ್ದ ಒಬ್ಬಳೇ ಉಪನ್ಯಾಸಕಿಯ ಕೆಲಸವೂ ಹೋಗುತ್ತದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅವರ ಮೇಜಿನ ಪಕ್ಕದಲ್ಲಿ ಒಂದು ದೊಡ್ಡ ಡಬ್ಬ ಇತ್ತು. ಅಳಿಯ ಮೊಮ್ಮಗನಿಗೆಂದು ತಂದಿದ್ದ ರೈಲಿನ ಸೆಟ್ಟು. ಗೇಣುದ್ದದ ಎಂಜಿನ್ನು, ಬೋಗಿಗಳು, ಕಟ್ಟುಗಟ್ಟಲೆ ಹಳಿ. ಮೊಮ್ಮಗ ಮುಟ್ಟಿಯೂ ನೋಡಲಿಲ್ಲವಂತೆ. ಆಫೀಸಿನ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಶೋಕಿಗೆ ಇಡೋಣ ಎಂದು ತಂದಿದ್ದರು. ನಾನು ಅದನ್ನು ನನಗೆ ಕೊಡಿ ಎಂದೆ. ಮಕ್ಕಳು ಸೇರುವ ದಿನ ಅದನ್ನು ನಮ್ಮ ಲ್ಯಾಬಿನಲ್ಲಿ ಓಡಿಸುತ್ತೇನೆ, ಸಿಗ್ನಲ್ಲು, ಸ್ಟೇಷನ್ನು, ದೀಪ ಎಲ್ಲಾ ನಾನೇ ವೈರಿಂಗ್ ಮಾಡುತ್ತೇನೆ, ಎಲೆಕ್ಟ್ರಿಕಲ್ ಎಂದರೆ ಕಂಬ ಹತ್ತುವುದೊಂದೇ ಅಲ್ಲ ಎಂದು ಜನ ನೋಡಲಿ ಎಂದೆ. ಅವರು ಒಪ್ಪಿದರು. ಒಂದು ಷರತ್ತು ಹಾಕಿದರು.

"ರೈಲು ನಮ್ ಮಳವಳ್ಳಿಗೂ ಓಗ್ಬೇಕು. ಓಗಿ ಇಂದಿಂದಕ್ ಬರೋದ್ ಬ್ಯಾಡ ಮೇಡಮ್ಮೋರೆ. ಮಕ ತಿರುಗುಸ್ಕೊಂಡು ಸರ್ಯಾಗ್ ಬರ್ಲಿ."

ಹೇಳುವುದು ಸುಲಭ. ಆಟದ ರೈಲಿನಲ್ಲಿ ಕರೆಂಟು ಬರುವುದು ಹಳಿಯಿಂದ. ಒಂದು ಹಳಿ ಪ್ಲಸ್ಸು, ಇನ್ನೊಂದು ಮೈನಸ್ಸು. ಎಂಜಿನ್ನಿನ ಚಕ್ರಗಳು ಎರಡನ್ನೂ ಮುಟ್ಟಿಕೊಂಡು ಉರುಳುತ್ತವೆ, ಮೋಟಾರು ತಿರುಗುತ್ತದೆ. ಹಳಿ ನೆಟ್ಟಗಿರುವ ತನಕ ತೊಂದರೆಯಿಲ್ಲ. ಆದರೆ ರೈಲು ಮುಖ ತಿರುಗಿಸಿಕೊಂಡು ಬಂದ ದಾರಿಗೇ ಸೇರಬೇಕೆಂದರೆ ಹಳಿಯನ್ನು ಬಳೆಯಂತೆ ಬಗ್ಗಿಸಿ ತಂದು ಮತ್ತೆ ಅದೇ ಹಳಿಗೆ ಕೂಡಿಸಬೇಕು. ಅದಕ್ಕೆ ಲೂಪು ಅನ್ನುತ್ತೇವೆ. ಹಾಗೆ ಬಗ್ಗಿಸಿ ತಂದರೆ ಪ್ಲಸ್ಸಿನ ಹಳಿ ಹೋಗಿ ಮೈನಸ್ಸಿನ ಹಳಿಗೆ ಮುಟ್ಟುತ್ತದೆ. ಮುಟ್ಟಿದ ಕೂಡಲೇ ಶಾರ್ಟ್ ಸರ್ಕ್ಯೂಟು.

ನಾಲ್ಕು ತಿಂಗಳು ಆ ಹಲಗೆಯ ಕೆಳಗೆ ಚಾಪೆ ಹಾಕಿಕೊಂಡು ಮಲಗಿ ಕೆಲಸ ಮಾಡಿದೆ. ಹಳಿಯ ಕೀಲುಗಳಲ್ಲಿ ಕರೆಂಟು ಸೋರಿ ಕಡಿಮೆಯಾಗದಂತೆ ಎರಡೆರಡು ಅಡಿಗೊಂದು ಜೋಡಿ ತಂತಿ ಕೆಳಗಿಳಿಸಿದೆ, ಒಂದು ಕೆಂಪು, ಒಂದು ಕಪ್ಪು. ಒಂದೊಂದಕ್ಕೂ ಬೆಸುಗೆ. ಸೀಸ ಕರಗಿ ಕತ್ತಿನ ಮೇಲೆ ಬಿದ್ದ ಕಲೆ ಇನ್ನೂ ಇದೆ. ಮರದ ಕೆಲಸಕ್ಕೆ ನಮ್ಮ ವರ್ಕ್‌ಶಾಪಿನ ಮೇಷ್ಟ್ರು ಜೊತೆಯಾದರು. ವೈದ್ಯನಾಥಪುರದವರು, ನಿವೃತ್ತಿಗೆ ಹತ್ತಿರವಿದ್ದವರು. ಅವರು ಥರ್ಮೋಕೋಲಿನಲ್ಲಿ ಮದ್ದೂರು ಸ್ಟೇಷನ್ನು ಮಾಡಿದರು, ಹಸಿರು ಬಟ್ಟೆಯಲ್ಲಿ ಗದ್ದೆ ಮಾಡಿದರು. ಒಂದು ದಿನ ಬಗ್ಗಿ ಹಲಗೆಯ ಅಡಿ ನೋಡಿ, "ಏನ್ ಮೇಡಂ, ಮೇಲ್ ನೋಡುದ್ರೆ ಮದ್ವೆ ಮನೆ, ಕೆಳಗ್ ನೋಡುದ್ರೆ ಕುರಿ ಕುಯ್ದಂಗದೆ" ಅಂದರು. ನಿಜವಾಗಿಯೂ ಕರುಳಿನಂತೆಯೇ ಜೋಲುತ್ತಿದ್ದವು ತಂತಿಗಳು.

ಲೂಪಿಗೆ ಉಪಾಯವಿದೆ. ಬಳೆಯ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ, ಸಂದಿಗೆ ಪ್ಲಾಸ್ಟಿಕ್ ತುಂಡು ಕೂರಿಸಿ, ಆ ಬಳೆಗೇ ಬೇರೆ ತಂತಿ, ಬೇರೆ ಸ್ವಿಚ್ಚು ಕೊಡಬೇಕು. ರೈಲು ಬಳೆಯೊಳಗೆ ಸುತ್ತುತ್ತಿರುವಾಗಲೇ ಹೊರಗಿನ ಹಳಿಯ ಪ್ಲಸ್ಸು ಮೈನಸ್ಸನ್ನು ಅದಲು ಬದಲು ಮಾಡಿಬಿಡಬೇಕು. ಓದಿ ತಿಳಿಯಲು ಹತ್ತು ನಿಮಿಷ ಸಾಕು. ಮಾಡಿ ಗೆಲ್ಲಲು ನನಗೆ ಶಿವರಾತ್ರಿಯಿಂದ ಯುಗಾದಿ ಆಯಿತು. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಎಂಜಿನ್ನು ಮಂಡ್ಯ ಬಿಟ್ಟು, ಮದ್ದೂರು ದಾಟಿ, ಮಳವಳ್ಳಿಯನ್ನು ಸುತ್ತಿ, ನಮ್ಮ ಕಡೆಗೆ ಮುಖ ಮಾಡಿಕೊಂಡು ಬಂತು. ಮೇಷ್ಟ್ರು ತಮ್ಮ ಟವೆಲ್ಲು ತೆಗೆದು ನನ್ನ ಹೆಗಲಿಗೆ ಹೊದಿಸಿದರು. ನಾನು ಅವತ್ತು ಬಸ್ಸಿನಲ್ಲಿ ಊರಿಗೆ ಹೋಗುವಾಗ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಅದನ್ನು ಹೇಳಿದೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ, ಮೇ ತಿಂಗಳ ಬಿಸಿಲಿನಲ್ಲಿ, ಕಾಲೇಜಿನಲ್ಲಿ ತಂದೆ ತಾಯಿಗಳನ್ನು ಕರೆದು ಕಾರ್ಯಕ್ರಮ ಇಟ್ಟರು. ಹೊಸ ಯಂತ್ರ ಯಾವುದೇ ಬರಲಿ, ಪೂಜೆಯಾಗದೆ ನಮ್ಮಲ್ಲಿ ಸ್ವಿಚ್ಚು ಒತ್ತುವುದಿಲ್ಲ. ಪೂಜೆ ಯಾರ ಕೈಯಲ್ಲಿ ಮಾಡಿಸುವುದು ಎಂಬ ಮಾತು ಬಂತು. ಮೇಷ್ಟ್ರು ಕಾರ್ಯದರ್ಶಿಗಳ ಹೆಂಡತಿಯ ಕೈಲಿ ಮಾಡಿಸೋಣ ಎಂದರು. ನಮ್ಮವ್ವ ಮಾಡುತ್ತಾಳೆ ಎಂದೆ ನಾನು. ಅವರು ನೆಲ ನೋಡಿಕೊಂಡು, ಜನ ಒಂದು ಮಾತು ಆಡುತ್ತಾರೆ ಮೇಡಂ, ಎಂದರು. ಅವ್ವ ಅರಿಶಿನ ಕುಂಕುಮ ಕಳೆದುಕೊಂಡವಳು ಎಂಬುದನ್ನು ಅವರು ಅಷ್ಟು ಮೃದುವಾಗಿ ಹೇಳಿದ್ದರು. ಆಡಲಿ ಎಂದೆ. ಈ ತಂತಿಗಳನ್ನೆಲ್ಲ ಜೋಡಿಸಿದ ಕೈಗೆ ಅನ್ನ ಹಾಕಿದವಳು ಆರತಿ ಎತ್ತಬಾರದು ಎನ್ನುವ ಶಾಸ್ತ್ರ ನನಗೆ ಬೇಡವಾಗಿತ್ತು. ಕಾರ್ಯದರ್ಶಿಗಳು ಕೇಳಿ, "ಮಗಳ್ನ ಓದ್ಸಿದ್ ತಾಯಿ. ಮಾಡ್ಲಿ ಬುಡಿ" ಅಂದರು.

ಅವ್ವ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಳು. ಮಾವಿನ ಸೊಪ್ಪು, ಹೂವು, ಕಾಯಿ, ನಿಂಬೆಹಣ್ಣು, ಒಂದು ಸಣ್ಣ ಸೀಸೆ, ಎಲ್ಲಾ ಒಂದು ಬ್ಯಾಗಿನಲ್ಲಿ. ಚಕ್ರದ ಅಡಿಗೆ ನಿಂಬೆಹಣ್ಣು ಇಡಲು ಹೋಗಿ ನೋಡಿದರೆ ಹಣ್ಣು ಎಂಜಿನ್ನಿಗಿಂತ ಎತ್ತರ. ಅವಳೂ ನಕ್ಕಳು, ಪಕ್ಕಕ್ಕೆ ಇಟ್ಟಳು. ಜನರ ಮುಂದೆ ಇದೇ ಮೊದಲ ಸಲ ಓಡುವುದಾ ಎಂದು ಕೇಳಿದಳು. ಹೌದು ಎಂದೆ. ಎಲ್ಲಾ ಅಲಂಕಾರ ಮಾಡಿಡು, ಹಳಿಗೆ ಮಾತ್ರ ನೀರು ಮುಟ್ಟಿಸಬೇಡ ಎಂದು ಹೇಳಿ, ಬಂದವರನ್ನು ಕರೆತರಲು ಗೇಟಿನ ಹತ್ತಿರ ಹೋದೆ. ಮೇಷ್ಟ್ರು ಶಾಮಿಯಾನ ಕಟ್ಟಿಸುತ್ತಿದ್ದರು. ಲ್ಯಾಬಿನಲ್ಲಿ ಅವ್ವ ಒಬ್ಬಳೇ ಇದ್ದಳು, ಒಂದು ಗಂಟೆ ಹೊತ್ತು.

ಜನ ತುಂಬಿದರು. ಹುಡುಗ ಹುಡುಗಿಯರು ಹಲಗೆಯ ಸುತ್ತ ಮುತ್ತಿಕೊಂಡು ಮದ್ದೂರು ಸ್ಟೇಷನ್ನು ಗುರುತು ಹಿಡಿದರು. ಮಳವಳ್ಳಿ ಎಂಬ ಬೋರ್ಡು ನೋಡಿ, ಇಲ್ಲಿಗೆ ಯಾವಾಗ ರೈಲು ಬಂತು ಎಂದು ನಕ್ಕರು. ಅವ್ವ ಎಲ್ಲರ ಮುಂದೆ ಆರತಿ ಎತ್ತಿದಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಳು. ನಾನು ಸಿಗ್ನಲ್ಲುಗಳನ್ನು ಹಾಕಿದೆ. ಕೆಂಪು, ಹಸಿರು ಎಲ್ಲಾ ಹತ್ತಿದವು. ಜನ "ಓ" ಅಂದರು. ಕಾರ್ಯದರ್ಶಿಗಳು ಗುಂಡಿ ತಿರುಗಿಸಿದರು.

ಎಂಜಿನ್ನು ಒಂದು ಸಲ ಕೆಮ್ಮಿದಂತೆ ಮಾಡಿ, ನಾಲ್ಕು ಬೆರಳು ಮುಂದೆ ಹೋಗಿ, ನಿಂತಿತು.

ಗುಂಡಿ ಪೂರ್ತಿ ತಿರುಗಿಸಿದರೂ ಇಲ್ಲ. ಬೆರಳಿನಿಂದ ತಳ್ಳಿದೆ. ಇನ್ನೊಂದು ಬೆರಳಷ್ಟು ಹೋಯಿತು, ಒಂದು ಕಿಡಿ, ಮತ್ತೆ ಸುಮ್ಮನಾಯಿತು. ಟೆಸ್ಟ್ ಲ್ಯಾಂಪು ತೆಗೆದುಕೊಂಡು ಹಲಗೆಯ ಕೆಳಗೆ ನುಗ್ಗಿದೆ. ಅಲ್ಲಿ ತಂತಿಗಳು ಬಂದು ಸೇರುವ ಸ್ಕ್ರೂಗಳಿಗೆ ಮುಟ್ಟಿಸಿದರೆ ದೀಪ ಚೆನ್ನಾಗಿ ಹತ್ತಿತು. ಮೇಲೆ ಬಂದು ಹಳಿಗೆ ಮುಟ್ಟಿಸಿದರೆ ಇಲ್ಲ. ಲ್ಯಾಂಪಿನ ಮೊನೆಯಿಂದ ಹಳಿಯನ್ನು ಗಟ್ಟಿಯಾಗಿ ಕೆರೆದು ನೋಡಿದೆ, ಹತ್ತಿತು. ನನ್ನ ವೈರಿಂಗಿನಲ್ಲಿ ಏನೂ ತಪ್ಪಿರಲಿಲ್ಲ. ಹಳಿಯ ಮೈ ಮೇಲೆ ಏನೋ ಇತ್ತು. ಬೆರಳಿಟ್ಟೆ. ಜಾರಿತು. ಮೂಸಿದೆ. ಹರಳೆಣ್ಣೆ.

ಅವ್ವ ಆರತಿ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಎಲ್ಲಾ ಸರ್ಯಾಗೇ ಮಾಡಿದ್ನಲ್ಲಾ ಮಗ. ನೀರು ಸೋಕ್ಸನಿಲ್ಲ. ಒಂದ್ ಚಕ್ರನೂ ಬುಡ್ದಂಗೆ ಎಣ್ಣೆ ಹಾಕಿವ್ನಿ. ಕಂಬಿಗೂ ಸವ್ರಿವ್ನಿ."

ಅಪ್ಪ ವರ್ಷದ ಮೊದಲ ಕಬ್ಬಿನ ಗಾಡಿ ಕಟ್ಟುವ ದಿನ ಅವ್ವ ಗಾಡಿಯ ಅಚ್ಚಿಗೆ ಎಣ್ಣೆ ಹಾಕಿ, ಆಮೇಲೆ ಪೂಜೆ ಮಾಡುತ್ತಿದ್ದಳು. ಎಣ್ಣೆ ಕಾಣದ ಗಾಡಿಯನ್ನು ಹೊರಡಿಸುವುದು ಅವಳ ಮಟ್ಟಿಗೆ ಅಪಚಾರ. ಸಾಮಾನ್ಯವಾಗಿ ಹಾಕುವ ಕರಿಯ ಕೀಲೆಣ್ಣೆ ಕಲೆ ಮಾಡುತ್ತದೆಂದು ಸೀಸೆಯಲ್ಲಿ ತಿಳಿಯಾದ ಹರಳೆಣ್ಣೆ ತಂದಿದ್ದಳು. ಹತ್ತಿ ಅದ್ದಿಕೊಂಡು, ಮಂಡ್ಯದಿಂದ ಮಳವಳ್ಳಿಯವರೆಗೆ, ಲೂಪು ಸಹ ಬಿಡದೆ, ಎರಡೂ ಹಳಿಗೆ ಸವರಿದ್ದಳು. ಕಬ್ಬಿಣದ ಮೇಲೆ ಅಷ್ಟು ಪ್ರೀತಿಯಿಂದ ಸವರಿದ ಎಣ್ಣೆಯನ್ನು ದಾಟಿ ಹನ್ನೆರಡು ವೋಲ್ಟು ಹೋಗುವುದಿಲ್ಲ.

ಸ್ಪಿರಿಟ್ಟು ತರಿಸಿ ಒರೆಸಿದರೆ ಓಡುತ್ತಿತ್ತು. ಅದಕ್ಕೆ ಒಂದು ಗಂಟೆ ಬೇಕು, ಒಂದೊಂದು ಚಕ್ರವನ್ನೂ ಒರೆಸಬೇಕು. ಒರೆಸುವುದಕ್ಕೆ ಮೊದಲು ಯಾಕೆ ಒರೆಸುತ್ತಿದ್ದೇನೆಂದು ಹೇಳಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. ಮೆಲ್ಲಗೆ ಹೇಳಿದಂತೆ ಮಾಡಿ ಎಲ್ಲರಿಗೂ ಕೇಳುವಂತೆ.

"ತಾಳಿ ಇಲ್ದೋರ್ ಕೈಲಿ ಆರ್ತಿ ಎತ್ಸುದ್ರೆ ಇನ್ನೇನಾದದು."

ಒಂದಿಬ್ಬರು ಹೂಂಗುಟ್ಟಿದರು. ಅವ್ವ ಕೇಳಿಸಿಕೊಂಡಳು. ತಟ್ಟೆಯನ್ನು ಸೆರಗಿನ ಕೆಳಗೆ ಮರೆಮಾಡಿದಳು. ಕಾರ್ಯದರ್ಶಿಗಳ ಮುಖ ಕೆಂಪಾಗಿತ್ತು, ಆದರೆ ಅವರು ಆ ಮಾತನ್ನು ಎತ್ತಿಕೊಳ್ಳಲಿಲ್ಲ. ನನ್ನನ್ನೇ ಕೇಳಿದರು, ಎಲ್ಲರಿಗೂ ಕೇಳುವಂತೆಯೇ. "ಏನಾಗದೆ ಮೇಡಮ್ಮೋರೆ? ಯಾಕ್ ನಿಂತೋಯ್ತು?"

ನಿಜ ಹೇಳಬಹುದಿತ್ತು. ಹಳಿಗೆ ಎಣ್ಣೆ ಬಿದ್ದಿದೆ, ಒರೆಸಿದರೆ ಸರಿಹೋಗುತ್ತದೆ ಎಂದರೆ ನನ್ನ ಕೆಲಸದ ಮರ್ಯಾದೆ ಉಳಿಯುತ್ತಿತ್ತು. ಯಾರು ಹಾಕಿದ್ದು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು. ಆ ಕೋಣೆಯಲ್ಲಿ ಎಣ್ಣೆಯ ಗುಣ, ಕರೆಂಟಿನ ಗುಣ ಯಾರಿಗೂ ಬೇಕಾಗಿರಲಿಲ್ಲ. ಅವಳ ಕೈ ಎಂಬುದಷ್ಟೇ ಉಳಿಯುತ್ತಿತ್ತು. ಅವಳು ಬದುಕಿರುವ ತನಕ ಉಳಿಯುತ್ತಿತ್ತು.

"ತಪ್ಪು ನನ್ನ ವೈರಿಂಗ್‌ದು ಸಾರ್" ಅಂದೆ. "ಲೂಪಲ್ಲಿ ಪ್ಲಸ್ಸು ಮೈನಸ್ಸು ಒಂದಾಗ್ಬಿಟ್ಟಿದೆ. ನಾನು ನೋಡ್ಕೊಳ್ಳಲಿಲ್ಲ."

ನಾಲ್ಕು ತಿಂಗಳಲ್ಲಿ ನಾನು ಗೆದ್ದದ್ದು ಅದೊಂದೇ. ಸುಳ್ಳು ಹೇಳಲು ಹೊರಟಾಗ ಬಾಯಿಗೆ ಅದೇ ಬಂತು.

ಒಂದು ಗಂಟೆ ಕೊಡಿ, ಸರಿಮಾಡುತ್ತೇನೆ ಎಂದೂ ಹೇಳಿದೆ. ಊಟವಾಗಲಿ, ಆಮೇಲೆ ನೋಡೋಣ ಎಂದರು ಕಾರ್ಯದರ್ಶಿಗಳು. ಜನ ಕಂಪ್ಯೂಟರ್ ಲ್ಯಾಬಿನ ಕಡೆ ನಡೆದರು. ಅಲ್ಲಿ ಎ.ಸಿ. ಇತ್ತು. ಬಾಗಿಲಲ್ಲಿ ಒಬ್ಬ ತಂದೆ ತನ್ನ ಮಗಳಿಗೆ, ಹೇಳ್ಕೊಡೋರ್ಗೇ ಬರ್ಲಿಲ್ಲ ಅಂದ್ರೆ ನಿಂಗೇನ್ ಬಂದದು, ನಡಿ, ಎಂದದ್ದು ನನಗೆ ಕೇಳಿಸಿತು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಆ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಅವ್ವನಿಗೆ ಊಟ ಮಾಡಿಸಿ ಬಸ್ಸು ಹತ್ತಿಸಿದೆ. ದಾರಿಯಲ್ಲಿ ಅವಳು ಒಂದೇ ಒಂದು ಮಾತು ಕೇಳಿದಳು, ನನ್ನಿಂದ ಏನಾದರೂ ಆಯಿತಾ ಎಂದು. ಇಲ್ಲ ಕಣವ್ವ, ನಾನು ತಂತಿ ತಪ್ಪಾಗಿ ಕೊಟ್ಟಿದ್ದೆ, ಎಂದೆ. ಅವಳ ಮುಖ ಸಡಿಲಾಯಿತು. ಬಸ್ಸಿನ ಕಿಟಕಿಯಿಂದ ಕೈ ಬೀಸಿದಳು.

ವಾಪಸು ಬಂದು ಲ್ಯಾಬಿನ ಬಾಗಿಲು ಹಾಕಿಕೊಂಡು ಸ್ಪಿರಿಟ್ಟು, ಹತ್ತಿ ಹಿಡಿದು ಕೂತೆ. ಮೇಷ್ಟ್ರು ಬಂದು ಎದುರಿಗೆ ಕೂತು, ಕೇಳದೆಯೇ ಇನ್ನೊಂದು ಬೋಗಿ ತೆಗೆದುಕೊಂಡು ಚಕ್ರ ಒರೆಸತೊಡಗಿದರು. ಹತ್ತಿಯಲ್ಲಿ ಹಳದಿ ಎಣ್ಣೆ ನೋಡಿದರು, ಮೂಸಿದರು.

"ನಿಜ ಏಳ್ಬೋದಿತ್ತು ಮೇಡಂ" ಅಂದರು.

"ಯಾರಿಗೆ ಮೇಷ್ಟ್ರೇ?"

ಅವರು ಮತ್ತೆ ಚಕ್ರ ಒರೆಸಿದರು. ನಾಲ್ಕು ಗಂಟೆಯ ಹೊತ್ತಿಗೆ ರೈಲು ಮಂಡ್ಯ ಬಿಟ್ಟು, ಮದ್ದೂರು ದಾಟಿ, ಮಳವಳ್ಳಿ ಸುತ್ತಿಕೊಂಡು ಬಂತು. ಒಂದು ಸಲವೂ ತಡವರಿಸಲಿಲ್ಲ. ಹೊರಗೆ ಶಾಮಿಯಾನ ಬಿಚ್ಚುತ್ತಿದ್ದರು. ನಾನು ಕಾರ್ಯದರ್ಶಿಗಳನ್ನು ಕರೆಯಲು ಹೋದೆ. ಅವರು ಮಳವಳ್ಳಿಗೆ ಹೊರಟುಹೋಗಿದ್ದರು. ಮಾರನೆಯ ದಿನ ಹೇಳಿದಾಗ, ಇರ್ಲಿ ಬುಡಿ, ಆಗ್ಬೇಕಾದಾಗ ಆಗ್ಲಿಲ್ಲ, ಎಂದರು.

ಎಲೆಕ್ಟ್ರಿಕಲ್‌ಗೆ ಮೂವರು ಸೇರಲು ಬಂದರು. ಅವರನ್ನೂ ಕಂಪ್ಯೂಟರಿಗೆ ಹಾಕಿದರು. ಓಡಿದ್ದರೆ ಹತ್ತು ಮಂದಿ ಬರುತ್ತಿದ್ದರೇ? ಗೊತ್ತಿಲ್ಲ. ಬರುತ್ತಿದ್ದರು ಎಂದುಕೊಂಡರೆ ಹೊಟ್ಟೆ ಉರಿಯುತ್ತದೆ, ಬರುತ್ತಿರಲಿಲ್ಲ ಎಂದುಕೊಂಡರೆ ಅಷ್ಟೆಲ್ಲ ಮಾಡಿದ್ದು ಯಾಕೆ ಅನ್ನಿಸುತ್ತದೆ. ನನಗೆ ಆಫೀಸಿನಲ್ಲಿ ದಾಖಲಾತಿ ನೋಡಿಕೊಳ್ಳುವ ಕೆಲಸ ಕೊಡುತ್ತೇವೆ ಎಂದರು. ನಾನು ಅದಕ್ಕಾಗಿ ಓದಿರಲಿಲ್ಲ, ಬಿಟ್ಟೆ. ಈಗ ಸೋಮನಹಳ್ಳಿಯ ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಪ್ಲೈವುಡ್ ಹಲಗೆಗಳನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಅಡ್ಡಗೋಡೆ ಮಾಡಿದ್ದಾರೆಂದು ಮೇಷ್ಟ್ರು ಒಮ್ಮೆ ಫೋನಿನಲ್ಲಿ ಹೇಳಿದರು. ತಂತಿ ಏನಾಯಿತೆಂದು ನಾನು ಕೇಳಲಿಲ್ಲ.

ಅವ್ವ ಆ ದಿನದ ಮಾತನ್ನು ಪೂರ್ತಿ ನಂಬಿದಳು. ನಾನು ಹೇಳಿದ್ದೆಲ್ಲವನ್ನೂ ನಂಬಿಯೇ ಅವಳು ನನ್ನನ್ನು ಓದಿಸಿದ್ದು. ಕೆಲಸ ಬಿಟ್ಟು ಬಂದ ತಿಂಗಳು, ಜಗಲಿಯ ಮೇಲೆ ಪಕ್ಕದ ಮನೆಯವಳ ಜೊತೆ ಮಾತಾಡುತ್ತಿದ್ದಳು. ನಾನು ಒಳಗಿದ್ದೆ.

"ಓದವ್ಳೆ ಕಣಕ್ಕಾ, ಇಲ್ಲ ಅನ್ನಾಕಿಲ್ಲ. ಆದ್ರೆ ಕರೆಂಟಿನ್ ಕೆಲ್ಸ ಅಷ್ಟಾಗಿ ಬರಾಕಿಲ್ಲ. ಪಾಪ, ಎಣ್ ಮಗ. ಬುಡು."

ಎದ್ದು ಹೋಗಿ ಹೇಳಿಬಿಡೋಣವೆಂದು ಬಾಗಿಲಿನ ತನಕ ಹೋದೆ. ಹೇಳಿದರೆ ಅವಳಿಗೆ ಎರಡು ವಿಷಯ ತಿಳಿಯುತ್ತದೆ. ಮಗಳಿಗೆ ಕೆಲಸ ಬರುತ್ತದೆ ಎಂಬುದು ಒಂದು, ಅದನ್ನು ಕಳೆದದ್ದು ಯಾವ ಎಣ್ಣೆ ಎಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ತಿಳಿಸುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಹೋದ ವಾರ ಹಜಾರದ ಫ್ಯಾನು ಕೆಟ್ಟಿತು. ನಾನು ಮನೆಯಲ್ಲೇ ಇದ್ದೆ. ಅವ್ವ ಪಟ್ಟಣದಿಂದ ಒಬ್ಬ ಎಲೆಕ್ಟ್ರೀಷಿಯನ್ನನ್ನು ಕರೆಸಿದಳು. ಅವನು ಸ್ವಿಚ್ ಬೋರ್ಡು ಬಿಚ್ಚಿ ಹಳೇ ಸ್ವಿಚ್ಚು ತೆಗೆದು ಹೊಸದು ಹಾಕುತ್ತಿದ್ದ. ಫೇಸ್ ತಂತಿಗೆ ಹಾಕಬೇಕಾದ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಹಾಕುತ್ತಿದ್ದ. ಹಾಗೆ ಹಾಕಿದರೆ ಸ್ವಿಚ್ಚು ಆರಿಸಿದರೂ ಫ್ಯಾನಿನಲ್ಲಿ ಕರೆಂಟು ನಿಂತಿರುತ್ತದೆ, ಒರೆಸಲು ಹೋದವರಿಗೆ ಹೊಡೆಯುತ್ತದೆ. ನಾನು ಹೇಳಿದೆ, ತಂತಿ ಬದಲಾಗಿದೆ ನೋಡಪ್ಪ, ಎಂದು. ಅವನು ತಿರುಗಿ ಅವ್ವನ ಮುಖ ನೋಡಿದ.

"ಅವ್ನಿಗ್ ಗೊತ್ತದೆ, ಬುಡು ಮಗ" ಅಂದಳು ಅವ್ವ. "ಅವ್ನ್ ಕೆಲ್ಸ ಅವ್ನ್ ಮಾಡ್ಲಿ. ನೀನ್ ಒಸಿ ಕಾಪಿ ಇಡೋಗು."

ಕಾಫಿ ಇಟ್ಟೆ. ಅವನು ಕುಡಿದು ಹೋದ. ಸಂಜೆ ಅವ್ವ ಡೇರಿಗೆ ಹಾಲು ಹಾಕಲು ಹೋದಾಗ ಮೈನು ಇಳಿಸಿ, ಬೋರ್ಡು ಬಿಚ್ಚಿ, ಎರಡು ತಂತಿಗಳನ್ನು ಅದಲು ಬದಲು ಮಾಡಿ, ಮತ್ತೆ ಮುಚ್ಚಿದೆ. ಅವಳು ಖಾಲಿ ಕ್ಯಾನು ಹಿಡಿದುಕೊಂಡು ಬರುವಷ್ಟರಲ್ಲಿ ಸ್ಕ್ರೂಡ್ರೈವರನ್ನು ಬಟ್ಟೆಯ ಅಡಿಗೆ ಇಟ್ಟು, ಮಕ್ಕಳ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದೆ. ಅವಳು ಸ್ವಿಚ್ಚು ಹಾಕಿ, ತಿರುಗುವ ಫ್ಯಾನಿನ ಕೆಳಗೆ ನಿಂತು, ಎಷ್ಟು ಚೆನ್ನಾಗಿ ಮಾಡಿಹೋಗಿದ್ದಾನೆ ನೋಡು ಎಂದಳು. ಹೂಂ ಅಂದೆ.